ಅಕ್ಕನ ಕೌದಿ, ತಮ್ಮನ ರೊಟ್ಟಿಕಟ್ಟಿ

ಶ್ರಾವಣ ಹತ್ತಿರ ಬಂದಂತೆ ಗೋವಾದ ಝುವಾರಿನಗರದ ಕನ್ನಡ ಮನೆಗಳಲ್ಲಿ ಫೋನಿಗೆ ಬಿಡುವಿರುವುದಿಲ್ಲ. ಪಂಚಮಿಗೆ ಊರಿಗೆ ಹೋಗುವವರು ಯಾರು, ರಜೆ ಸಿಗದೆ ಇಲ್ಲೇ ಉಳಿಯುವವರು ಯಾರು, ವಿಜಯಪುರದ ಕಡೆಯಿಂದ ಈ ವಾರ ಬರುವವರಿದ್ದಾರೆಯೇ, ಇದ್ದರೆ ಅವರ ಕೈಯಲ್ಲಿ ಎಷ್ಟು ದೊಡ್ಡ ಗಂಟು ಕಳಿಸಬಹುದು. ಹೊರಗೆ ಅರಬ್ಬೀ ಸಮುದ್ರದ ಮಳೆ ತಗಡಿನ ಮೇಲೆ ಬೀಳುವ ಸದ್ದಿಗೆ ಒಳಗಿನವರು ಕೂಗಿ ಮಾತಾಡಬೇಕು. ಆ ತುದಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಹುನಗುಂದ. ಅಲ್ಲಿ ಮೋಡ ಬರುತ್ತದೆ, ಹೋಗುತ್ತದೆ, ಮಳೆಯ ಖಾತ್ರಿಯಿಲ್ಲ. ಗಂಟುಗಳು ಮಾತ್ರ ಖಾತ್ರಿಯಾಗಿ ಬರುತ್ತವೆ. ಶೇಂಗಾ ಉಂಡಿ, ಎಳ್ಳಿನ ಉಂಡಿ, ರವೆ ಉಂಡಿ, ಗುಳ್ಳಡಕಿ ಉಂಡಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಸಜ್ಜೆಯ ಕಡಕ್ ರೊಟ್ಟಿ, ಡಬ್ಬಿಯಲ್ಲಿ ಅಳ್ಳು. ಕೆಲವೊಮ್ಮೆ ಹಗ್ಗ ಬಿಗಿದ ಒಂದು ದೊಡ್ಡ ಸುರುಳಿ. ಅದು ಕೌದಿ ಎಂದು ಬಿಚ್ಚುವ ಮೊದಲೇ ಎಲ್ಲರಿಗೂ ಗೊತ್ತಾಗುತ್ತದೆ.

ವಾಸ್ಕೋದಿಂದ ಕುಠ್ಠಾಳಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ದಾಬೋಳಿ ವಿಮಾನ ನಿಲ್ದಾಣ ಕಳೆದ ಮೇಲೆ ಸಿಗುವ ಊರು ಝುವಾರಿನಗರ. ಮುರಗಾಂವ ತಾಲ್ಲೂಕಿನ ಸಾಂಕ್ವಾಳ ಹಳ್ಳಿಯ ಗುಡ್ಡದ ಮೇಲೆ, ರಸಗೊಬ್ಬರದ ಕಾರ್ಖಾನೆಯ ಸುತ್ತ ಬೆಳೆಯಿತು. ಬಿರ್ಲಾ ಸಮೂಹದ ಝುವಾರಿ ಕಂಪನಿ ಸ್ಥಾಪನೆಯಾದದ್ದು 1967ರಲ್ಲಿ, ಇಲ್ಲಿಂದ ಗೊಬ್ಬರ ಹೊರಬರತೊಡಗಿದ್ದು 1973ರಲ್ಲಿ. ಹೀಗಾಗಿ ನಮ್ಮವರ ಬಾಯಲ್ಲಿ ಈ ಊರಿಗೆ ಇವತ್ತಿಗೂ ಬಿರ್ಲಾ ಎಂದೇ ಹೆಸರು. ಕಾರ್ಖಾನೆಗೆ ಬುನಾದಿ ಬಿದ್ದ ಕಾಲವೇ ಬಯಲುಸೀಮೆಗೆ ಬರ ಬಿದ್ದ ಕಾಲವೂ ಹೌದು. 1972ರ ಬರವನ್ನು ಕಂಡ ಮುದುಕರು ಅದರ ಮಾತು ಬಂದರೆ ಈಗಲೂ ದನಿ ಇಳಿಸುತ್ತಾರೆ. 1961ರಲ್ಲಿ ಪೋರ್ಚುಗೀಸರಿಂದ ಬಿಡುಗಡೆಯಾಗಿದ್ದ ಗೋವಾದಲ್ಲಿ ಆಗ ರಸ್ತೆ, ಬಂದರು, ಗಣಿ, ಕಟ್ಟಡ ಎಲ್ಲವೂ ಒಟ್ಟಿಗೆ ಏಳುತ್ತಿದ್ದವು. ಕೆಲಸಕ್ಕೆ ಕೈಗಳು ಬೇಕಿದ್ದವು. ಘಟ್ಟದ ಆಚೆಯಿಂದ ಜನ ರೈಲಿನಲ್ಲಿ, ಲಾರಿಯಲ್ಲಿ ಬಂದರು. 2011ರ ಜನಗಣತಿ ನೋಡಿದರೆ ಗೋವಾದ ನೂರು ಜನರಲ್ಲಿ ನಾಲ್ಕೂವರೆಗಿಂತ ತುಸು ಹೆಚ್ಚು ಮಂದಿಯ ತಾಯ್ನುಡಿ ಕನ್ನಡ. ಝುವಾರಿನಗರದ ಗಲ್ಲಿಗಳಲ್ಲಿ ನಡೆದರೆ ಆ ಲೆಕ್ಕ ಬಹಳ ಕಡಿಮೆಯಾಯಿತು ಅನ್ನಿಸುತ್ತದೆ. ಕಿವಿಗೆ ಬೀಳುವುದು ವಿಜಯಪುರ, ಬಾಗಲಕೋಟೆ, ಕೊಪ್ಪಳ, ಗದಗಿನ ಮಾತು.

ಇಲ್ಲಿ ತಯಾರಾದ ‘ಜೈ ಕಿಸಾನ್’ ಗೊಬ್ಬರದ ಚೀಲ ನಮ್ಮ ಊರಿನ ಹೊಲಕ್ಕೆ ಹೋಗುತ್ತಿತ್ತು. ಆ ಹೊಲದ ಮಕ್ಕಳು ಗೊಬ್ಬರದ ಊರಿಗೆ ಬಂದರು. ನಮ್ಮ ಅಪ್ಪನೂ ಹಾಗೆ ಬಂದವನು. ನಾನು, ನನ್ನ ತಮ್ಮ ಇಲ್ಲಿ ಉಳಿದೆವು. ಅಕ್ಕನನ್ನು ಇಂಡಿ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟರು. ಅವ್ವ ತೀರಿದಳು, ಅಪ್ಪ ತೀರಿದ. ಊರ ಮನೆಗೆ ಬೀಗ ಬಿತ್ತು.

ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಪಂಚಮಿ ಎಂದರೆ ತವರಿನ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದೊಯ್ಯಬೇಕು. ರೊಟ್ಟಿ ಹಬ್ಬದ ದಿನ ಓಣಿಯ ಮನೆಮನೆಗೂ ರೊಟ್ಟಿ ಬೀರಬೇಕು, ಮರುದಿನ ನಾಗಪ್ಪನಿಗೆ ಹಾಲೆರೆಯಬೇಕು, ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ನಿಂತು ಜೀಕಬೇಕು. ಅಣ್ಣ ಬರುವ ದಾರಿ ನೋಡುವ ಹೆಣ್ಣಿನ ಮನಸ್ಸು ನಮ್ಮ ತ್ರಿಪದಿಗಳಲ್ಲಿ ಎಷ್ಟು ಬಗೆಯಲ್ಲಿ ಬಂದಿದೆಯೋ! ಅಕ್ಕನ ಹಳ್ಳಿ ಇರುವ ಇಂಡಿ ತಾಲ್ಲೂಕಿಗೇ ಆಗ ಸೇರಿದ್ದ ಹಲಸಂಗಿಯ ಗೆಳೆಯರು, ಮಧುರಚೆನ್ನ ಮತ್ತು ಜೊತೆಯವರು, ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದದ್ದನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಅದರ ಪುಟಗಳಲ್ಲಿ ಅಣ್ಣ ತಮ್ಮಂದಿರು ಬರುತ್ತಲೇ ಇರುತ್ತಾರೆ. ಆದರೆ ಆ ಹಾಡುಗಳಲ್ಲಿ ತವರು ಎಂದರೆ ಒಂದು ನೆಲ. ಅಲ್ಲಿ ಒಂದು ಬಾಗಿಲಿದೆ, ಬಾಗಿಲ ಒಳಗೆ ಹಡೆದವ್ವ ಇದ್ದಾಳೆ. ಬಾಗಿಲಿಗೆ ಬೀಗ ಬಿದ್ದು, ತಮ್ಮ ಗೋವಾದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇರುವಾಗ ಅಕ್ಕ ಹೋಗಬೇಕಾದದ್ದು ಎಲ್ಲಿಗೆ? ಬರಬೇಕಾದರೆ ಅವಳು ಹಗಲು ರಾತ್ರಿ ಪ್ರಯಾಣ ಮಾಡಬೇಕು. ಮನೆಯಲ್ಲಿ ಎರಡು ಎಮ್ಮೆ, ಕಣ್ಣು ಕಾಣದ ಅತ್ತೆ. ಅಪ್ಪ ಹೋದ ಮೇಲೆ ಕೆಲವು ಪಂಚಮಿಗಳು ಬರಿ ಫೋನಿನಲ್ಲೇ ಮುಗಿದವು.

ಆಮೇಲೆ ಅಕ್ಕ ಕೌದಿ ಹೊಲಿಯಲು ಕುಂತಳು.

ಹಿಂಗಾರಿ ಜೋಳದ ರಾಶಿ ಮುಗಿದು ಬೇಸಿಗೆ ಕಾಲಿಟ್ಟಾಗ ನಮ್ಮ ಕಡೆ ಹೆಂಗಸರ ಕೈಗೆ ಮಧ್ಯಾಹ್ನ ತುಸು ಬಿಡುವು ಸಿಗುತ್ತದೆ. ಕೌದಿ ಆಗ ಹುಟ್ಟಬೇಕು. ಹೊಸ ಬಟ್ಟೆಯಲ್ಲಿ ಯಾರೂ ಕೌದಿ ಹೊಲಿಯುವುದಿಲ್ಲ. ಉಟ್ಟು, ಒಗೆದು, ಮತ್ತೆ ಉಟ್ಟು ಮೆತ್ತಗಾದ ನೂಲಿನ ಸೀರೆಯೇ ಬೇಕು. ಅಂಗಳ ಸಾರಿಸಿ ಒಣಗಿದ ಮೇಲೆ ಅಡಿಗೆ ಒಂದು ಇಡೀ ಸೀರೆಯನ್ನೋ ಧೋತರವನ್ನೋ ಹಾಸಿ, ನಾಲ್ಕು ಮೂಲೆಗೆ ಕಲ್ಲು ಹೇರಬೇಕು. ಅದರ ಮೇಲೆ ಒಳಪದರ. ಹರಿದದ್ದು, ಬಣ್ಣಗೆಟ್ಟದ್ದು, ಯಾರಿಗೂ ಕಾಣಬಾರದ್ದು ಅಲ್ಲಿ ಹೋಗುತ್ತದೆ. ಆದರೆ ಸುಕ್ಕಾಗಲಿ ಗಂಟಾಗಲಿ ಉಳಿಯಬಾರದು. ಉಳಿದರೆ ಮಲಗಿದವರ ಬೆನ್ನಿಗೆ ಒತ್ತುತ್ತದೆ, ಹೊಲಿದವಳ ಹೆಸರು ಕೆಡುತ್ತದೆ. ಕೊನೆಗೆ ಮೇಲಿನ ಮೈ. ತ್ರಿಕೋನ, ಚೌಕ, ಪಟ್ಟಿಗಳಾಗಿ ಕತ್ತರಿಸಿದ ಆಯ್ದ ತುಂಡುಗಳು. ಮೊದಲು ದೂರದೂರ ಟಾಕು ಹಾಕಿ ಎಲ್ಲವನ್ನೂ ಹಿಡಿದಿಟ್ಟುಕೊಂಡು, ಆಮೇಲೆ ಬೆರಳಗಲದ ಸಾಲುಗಳಲ್ಲಿ ಈ ತುದಿಯಿಂದ ಆ ತುದಿಗೆ ಗೀರು ಎಳೆದಂತೆ ಹೊಲಿಗೆ. ಮೂರು ನಾಲ್ಕು ಪದರ ದಾಟುವ ಸೂಜಿ ಹೆಬ್ಬೆರಳಿನ ತುದಿಯನ್ನು ಕಲ್ಲಾಗಿಸುತ್ತದೆ. ಸೂಜಿ ಚುಚ್ಚುವ ಮೊದಲು ಬಟ್ಟೆಗೆ ಅರಿಷಿಣ ಕುಂಕುಮ ಹಚ್ಚಿ ಕೈಮುಗಿಯುವ ಮನೆಗಳಿವೆ, ನಮ್ಮದೂ ಅಂಥದೇ. ಓಣಿಯ ಹೆಂಗಸರು ಬಂದು ಒಂದೊಂದು ಮೂಲೆ ಹಿಡಿದು ಕೂಡುತ್ತಾರೆ. ಹೊಲಿದು ಕೊಡುವುದನ್ನೇ ಕಸುಬು ಮಾಡಿಕೊಂಡ ಗೊಂಧಳಿ ಹೆಂಗಸರಿಗೆ ಬಟ್ಟೆ ಒಪ್ಪಿಸಿ ಹೊಲಿಸುವ ಪದ್ಧತಿಯೂ ಇದೆ. ಅವರ ಕೈಯ ನೇರ ಸಾಲು ನೋಡುವಂಥದು. ಅಕ್ಕ ಮಾತ್ರ ಈ ಸಲ ಯಾರನ್ನೂ ಕೂಡಿಸಿಕೊಳ್ಳಲಿಲ್ಲ. ಇದು ತಮ್ಮಗ, ನಾನ ಹೊಲೀತೀನಿ ಅಂದಳು.

ಅದಕ್ಕೆ ಬಟ್ಟೆ ಕೂಡಿಸಿದ ರೀತಿಯನ್ನು ಹೇಳಬೇಕು. ಅವ್ವನ ಎರಡು ಇಳಕಲ್ ಸೀರೆ ಅವಳ ಟ್ರಂಕಿನಲ್ಲಿದ್ದವು. ಒಂದು ಅಡಿಗೆ ಹೋಯಿತು, ಇನ್ನೊಂದರ ತೋಪು ತೆನಿ ಸೆರಗನ್ನು ಮಾತ್ರ ಕತ್ತರಿಸಿ ನಡುಮಧ್ಯೆ ಇಟ್ಟಳು. ಅಪ್ಪನ ಧೋತರ ಒಳಪದರ. ನನ್ನ ಬಾಲ್ಯದ ಲಂಗದ ತುಂಡು ಅವಳಲ್ಲಿ ಹೇಗೆ ಉಳಿದಿತ್ತೋ ನನಗೆ ಗೊತ್ತಿಲ್ಲ. ಅವಳ ಮದುವೆಯ ಗುಳೇದಗುಡ್ಡದ ಖಣದ ಕುಬಸ. ತಮ್ಮನ ಶಾಲೆಯ ಖಾಕಿ ಚಡ್ಡಿ. ಆಮೇಲೆ ನನಗೆ ಫೋನು ಮಾಡಿ, ಅವನು ಕೆಲಸಕ್ಕೆ ಹಾಕಿಕೊಳ್ಳುವ ಅಂಗಿ ಬೇಕು, ಹೊಸದು ಬೇಡ, ಬಿಸಾಕಲು ಇಟ್ಟದ್ದನ್ನೇ ಕೊಡು, ಅವನಿಗೆ ಹೇಳಬೇಡ ಎಂದಳು. ವೈಶಾಖದಲ್ಲಿ ಬಳಗದವರ ಮದುವೆಗೆ ಹೋದಾಗ ಎರಡು ಅಂಗಿ ಒಯ್ದೆ.

ತಮ್ಮ ಸಾಂಕ್ವಾಳ ಕೈಗಾರಿಕಾ ವಸಾಹತಿನ ಒಂದು ಶೆಡ್ಡಿನಲ್ಲಿ ವೆಲ್ಡರ್. ಬೆಳಿಗ್ಗೆಯಿಂದ ಸಂಜೆಯವರೆಗೆ ಗ್ರಿಲ್ಲು, ಗೇಟು, ಮೆಟ್ಟಿಲು, ನೀರಿನ ಟಾಕಿಯ ಸ್ಟ್ಯಾಂಡು. ವೆಲ್ಡಿಂಗಿನ ಕಿಡಿ ಬಿದ್ದ ಅಂಗಿಯ ಎದೆ ಮತ್ತು ತೋಳಿನ ತುಂಬ ಸಾಸಿವೆಯಷ್ಟು ಸಣ್ಣ ತೂತುಗಳು, ಅಂಚು ಕಂದಿದವು. ನಾನು ಆ ಅಂಗಿ ಬಿಚ್ಚಿ ತೋರಿಸಿದಾಗ ಅಕ್ಕ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ‘ಇಷ್ಟ್ ಕಿಡಿ ಮೈಮ್ಯಾಲೆ ಬೀಳ್ತಾವೇನs ಅವಗ?’ ಅಂದಳು. ತೂತಿದ್ದ ಭಾಗವನ್ನು ಒಳಪದರಕ್ಕೆ ಹಾಕಿ ಮುಚ್ಚಬಹುದಿತ್ತು. ಬೇರೆ ಯಾರಾದರೂ ಹಾಗೇ ಮಾಡುತ್ತಿದ್ದರು. ಅವಳು ಅದನ್ನು ಮೇಲೆ ಇಟ್ಟಳು. ಅದರ ಕೆಳಗೆ ತನ್ನ ಕುಬಸದ ಕೆಂಪು ಖಣ ಹಾಸಿ, ಒಂದೊಂದು ತೂತಿನ ಸುತ್ತ ನಾಲ್ಕು ನಾಲ್ಕು ಸಣ್ಣ ಹೊಲಿಗೆ ಹಾಕಿದಳು. ನೀಲಿ ಅಂಗಿಯ ತುಂಬ ಕೆಂಪು ಚುಕ್ಕಿಗಳು ಬಂದವು. ಕಾರಹುಣ್ಣಿಮೆಯ ಹೊತ್ತಿಗೆ ಕೌದಿ ಮುಗಿಯಿತು.

ದುಡಿದ ಬಟ್ಟೆಗೆ ಇಂಥ ಮರ್ಯಾದೆ ಸಿಕ್ಕ ಇನ್ನೊಂದು ಕೌದಿ ನನಗೆ ನೆನಪಾಗುತ್ತದೆ. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿಯಿದೆ. ಹತ್ತಿ ಹೊಲಗಳಲ್ಲಿ ಗುಲಾಮರಾಗಿ ದುಡಿದವರ ಸಂತತಿಯ ಕರಿಯ ಹೆಂಗಸರು ಅಲ್ಲಿ ತಲೆಮಾರುಗಳಿಂದ ಹಳೆ ಬಟ್ಟೆಯ ಹೊದಿಕೆಗಳನ್ನು ಹೊಲಿಯುತ್ತ ಬಂದಿದ್ದಾರೆ. 1942ರಲ್ಲಿ ಗಂಡ ತೀರಿಕೊಂಡಾಗ ಮಿಸೌರಿ ಪೆಟ್‌ವೇ ಎಂಬ ಹೆಣ್ಣುಮಗಳು ಅವನ ಕೆಲಸದ ಬಟ್ಟೆಗಳನ್ನೇ ಕತ್ತರಿಸಿ ಹೊದಿಕೆ ಮಾಡಿದಳು, ಮಗಳು ಅವಳಿಗೆ ನೆರವಾದಳು. ಮಾಸಿದ ನೀಲಿ, ಬೂದು, ಮೊಣಕಾಲಿನ ಬಳಿ ಸವೆದ ಬಟ್ಟೆಯ ಗುರುತು, ಎಲ್ಲ ಹಾಗೇ ಇವೆ. ಇವತ್ತು ಅದು ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾ ಗ್ಯಾಲರಿಯ ಸಂಗ್ರಹದಲ್ಲಿದೆ. ಅಲ್ಲಿಗೆ ಹೋಗಿದ್ದು ಒಳ್ಳೆಯದೇ. ಆದರೆ ಅದರ ಮೊದಲ ಕೆಲಸ ಗೋಡೆಯ ಮೇಲೆ ತೂಗುವುದಾಗಿರಲಿಲ್ಲ, ಇದ್ದವರ ಮೈ ಬೆಚ್ಚಗಿಡುವುದಾಗಿತ್ತು.

ಇಷ್ಟು ದೂರ ಹೋಗಲೂ ಬೇಕಿಲ್ಲ. ಗೋವಾಕ್ಕೂ ಕೌದಿಗೂ ಇನ್ನೊಂದು ನಂಟಿದೆ, ಅದು ನಮಗಿಂತ ಹಳೆಯದು. ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದ ಜನರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಖಾನಾಪುರದ ಸಿದ್ದಿಗಳಲ್ಲಿ ಅವರ ಸಂತತಿ ಇದೆ. ಸಿದ್ದಿ ಹೆಂಗಸರು ಹೊಲಿಯುವ ಕವಂದಿ ನಮ್ಮ ಕೌದಿಯ ದಾಯಾದಿ. ಅವರು ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ಒಳಗೆ ಬಂದು ನಡುವೆ ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಿಕೆ ಮಡಿಕೆಯಾದ ಸಣ್ಣ ತುಂಡುಗಳ ‘ಫೂಲ’ ಇಡುತ್ತಾರೆ. ಫೂಲ ಇಲ್ಲದ ಕವಂದಿ ಬೆತ್ತಲೆ ಎಂದು ಅವರ ಮಾತು. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಈ ಹೆಂಗಸರ ಜೊತೆ ಕೂತು ಇದನ್ನೆಲ್ಲ ಬರೆದಿಟ್ಟಿದ್ದಾರೆ. ಗೋವಾ ಬಿಟ್ಟು ಓಡಿದವರ ಮಕ್ಕಳ ಮೈ ಬೆಚ್ಚಗಿಟ್ಟದ್ದು ಹಳೆ ಬಟ್ಟೆಯ ಹೊದಿಕೆ, ಗೋವಾಕ್ಕೆ ಗುಳೆ ಬಂದವರ ಮಕ್ಕಳದೂ ಅದೇ. ಹೊಸ ಬಟ್ಟೆ ಕೊಳ್ಳಲಾಗದವರ ಮನೆಯಲ್ಲಿ ಹುಟ್ಟಿದ ಕೈಕೆಲಸ ಇದು. ಬಂಗಾಳದ ಕಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ ಎಲ್ಲದರ ಮೂಲವೂ ಅಲ್ಲೇ.

ಈಗ ಅಂಗಡಿಗಳಲ್ಲೂ ಅಂತರ್ಜಾಲದಲ್ಲೂ ಕೌದಿ ಒಳ್ಳೆಯ ಬೆಲೆಗೆ ಮಾರಾಟವಾಗುತ್ತಿದೆ. ಆ ಹಣ ಹೊಲಿದ ಹೆಂಗಸಿನ ಕೈ ಸೇರುವುದಾದರೆ ನನಗೆ ಸಂತೋಷ. ಶತಮಾನಗಳಿಂದ ಲೆಕ್ಕಕ್ಕೇ ಬಾರದ ದುಡಿಮೆ ಅದು. ಆದರೆ ಕೊಂಡ ಕೌದಿಯನ್ನು ಯಾರೂ ಓದಲಾರರು. ನಮ್ಮ ಕೌದಿಯನ್ನು ತಮ್ಮ ಓದಬಲ್ಲ. ಇದು ಅವ್ವ ಯಲ್ಲಮ್ಮನ ಗುಡ್ಡಕ್ಕೆ ಉಟ್ಟುಕೊಂಡಿದ್ದ ಸೀರೆ, ಇದು ನಾನು ಪೇರಲ ಗಿಡದಿಂದ ಬಿದ್ದಾಗ ಹರಿದ ಚಡ್ಡಿ ಎಂದು ಬೆರಳಿಟ್ಟು ತನ್ನ ಮಕ್ಕಳಿಗೆ ಹೇಳಬಲ್ಲ. ಗೋವಾದಲ್ಲೇ ಹುಟ್ಟಿ, ಅಜ್ಜಿಯ ಮುಖ ನೆನಪಿಲ್ಲದ, ಶಾಲೆಯಲ್ಲಿ ಕೊಂಕಣಿ, ಮರಾಠಿ, ಇಂಗ್ಲಿಷ್ ಕಲಿಯುವ ಮಕ್ಕಳು ಅವು. ಅವಕ್ಕೆ ಆ ಕೌದಿಯ ಮೇಲೆ ಕೂತು ಕೇಳಿದ ಕಥೆಗಳೇ ಊರು.

ತಮ್ಮ ಕೌದಿ ಬಿಚ್ಚಿದ್ದು ಪಂಚಮಿಯ ಹಿಂದಿನ ದಿನ. ಅವನ ಹೆಂಡತಿ ಉಂಡಿಗಳನ್ನು ಎತ್ತಿಡುತ್ತಿದ್ದಳು. ಕೌದಿ ಹಾಸುವಷ್ಟು ಜಾಗ ಮಾಡಲು ಕುರ್ಚಿ ಹೊರಗಿಡಬೇಕಾಯಿತು. ಅವನು ಮೊದಲು ಸೆರಗನ್ನು ಗುರುತಿಸಿದ. ಆಮೇಲೆ ತನ್ನ ಅಂಗಿ ಕಂಡಿತು. ಆ ಕೆಂಪು ಚುಕ್ಕಿಗಳ ಮೇಲೆ ಕೈಯಾಡಿಸಿ, ‘ಇಕಿ ಯಾವಾಗ ಒಯ್ದ್ಲು ಇದನ?’ ಎಂದು ನನ್ನ ಕಡೆ ನೋಡಿದ. ನಾನು ಸುಮ್ಮನಿದ್ದೆ. ಅಕ್ಕನಿಗೆ ಫೋನು ಹಚ್ಚಿದ, ಆದರೆ ಮಾತಾಡಲು ಆಗಲಿಲ್ಲ, ಹೆಂಡತಿಯ ಕೈಗೆ ಕೊಟ್ಟ. ಅವಳೂ ಅತ್ತಳು. ಕೊನೆಗೆ ಮಾತಾಡಿದ್ದು ಅಕ್ಕ ಒಬ್ಬಳೇ: ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಇಡಬೇಡಿ, ಬೂಜು ಹಿಡಿಯುತ್ತದೆ, ಬಿಸಿಲು ಬಂದ ದಿನ ಎರಡೂ ಮಗ್ಗಲು ಕಾಯಿಸಿ, ಮಹಾನವಮಿಗೆ ಒಗೆಯಿರಿ, ಆದರೆ ಹಿಂಡಬೇಡಿ.

ಮಹಾನವಮಿಗೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಹಳ್ಳಕ್ಕೋ ಹೊಳೆಗೋ ಒಯ್ದು ಒಗೆಯುವುದು ನಮ್ಮ ಕಡೆಯ ಕಟ್ಟಳೆ. ಅಂಥ ಒಗೆತಕ್ಕೆ ಝುವಾರಿನಗರದಲ್ಲಿ ಹಳ್ಳವೂ ಇಲ್ಲ, ಬಂಡೆಯೂ ಇಲ್ಲ. ನಳದ ನೀರು ಬಂದಾಗ ಡ್ರಮ್ಮು ತುಂಬಿಟ್ಟುಕೊಂಡು, ಅಂಗಳದ ಸಿಮೆಂಟಿನ ಮೇಲೆ ನೆನೆಸಿ, ಗಂಡಸರು ಹೆಂಗಸರು ಕೂಡಿ ತುಳಿದು, ಗೇಟಿನ ಮೇಲೆ ಹರವುತ್ತಾರೆ.

ಇಲ್ಲಿ ಒಂದು ಕಹಿ ವಿಷಯವನ್ನೂ ಹೇಳಬೇಕು, ಹೇಳದಿದ್ದರೆ ಕೌದಿಯ ಮಾತು ಅರ್ಧವಾಗುತ್ತದೆ. ಅಪ್ಪ ಸತ್ತ ಮೇಲೆ ಹೊಲದ ಉತಾರದಲ್ಲಿ ಯಾರ ಹೆಸರು ಬರಬೇಕು ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ. ಕರ್ನಾಟಕದಲ್ಲಿ 1994ರಿಂದಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಆ ಹಕ್ಕು ಕೊಟ್ಟಿತು. ಆ ದಿನ ತಂದೆ ಬದುಕಿರಲೇಬೇಕು ಎಂಬುದೇನೂ ಇಲ್ಲ, ಹುಟ್ಟಿನಿಂದಲೇ ಮಗಳಿಗೆ ಪಾಲಿದೆ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಊರಿನಲ್ಲಿ ಆಗುವುದು ಬೇರೆ. ಪಂಚಮಿಗೆ ಅಕ್ಕ ತಂಗಿಯರನ್ನು ಕರೆಸಿ, ಹೋಳಿಗೆ ಉಣಿಸಿ, ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕಿಸಿ, ಉಡಿ ತುಂಬಿ, ಒಂದು ಸೀರೆ ಕೊಟ್ಟು ಕಳಿಸುವ ಮನೆಗಳನ್ನು ನಾನು ಕಂಡಿದ್ದೇನೆ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆಗೇ ಎಷ್ಟೋ ಹೆಣ್ಣುಮಕ್ಕಳು ಹೆಬ್ಬೆಟ್ಟು ಒತ್ತುತ್ತಾರೆ. ಒಂದು ಸೀರೆ ಎರಡು ಎಕರೆಗೆ ಸಮವಲ್ಲ. ಪ್ರೀತಿಯ ಹೆಸರಿನಲ್ಲಿ ಕೊಟ್ಟ ಉಡುಗೊರೆ ಪಾಲಿನ ಬದಲು ಬಂದರೆ ಅದು ಉಡುಗೊರೆಯೇ ಅಲ್ಲ.

ನಮ್ಮದು ಎರೆ ಭೂಮಿ, ನೀರಿಲ್ಲದ್ದು, ಹೆಚ್ಚೇನೂ ಅಲ್ಲ. ಆದರೂ ತಮ್ಮ ಯಾರ ಸಹಿಯನ್ನೂ ಕೇಳಲಿಲ್ಲ. ಮೂವರ ಹೆಸರನ್ನೂ ಉತಾರಕ್ಕೆ ಏರಿಸಿದ. ಓಣಿಯ ಹಿರಿಯರೊಬ್ಬರು, ಹೆಣ್ಣುಮಕ್ಕಳಿಗೆ ಯಾಕಪ್ಪ, ಅವರು ಕೊಟ್ಟ ಮನೆಯವರು ಎಂದಾಗ, ‘ಅವ್ವ ಸತ್ತ ಮ್ಯಾಲೆ ನನಗ ಅಕಿನ ಅವ್ವ’ ಅಂದ. ಅಕ್ಕ ಆ ಹೊಲವನ್ನು ಲಾವಣಿಗೆ ಹಾಕಿ, ಬಂದ ಜೋಳದಲ್ಲಿ ಮೂರು ಭಾಗ ಮಾಡಿ, ನಮ್ಮ ಪಾಲಿನ ಚೀಲಗಳನ್ನು ಗೋವಾಕ್ಕೆ ಕಳಿಸುತ್ತಾಳೆ. ಕೌದಿ ಬಂದದ್ದು ಅದಾದ ಮೇಲೆ. ಅದರಲ್ಲಿ ಋಣದ ಲೆಕ್ಕವಿರಲಿಲ್ಲ. ಕೊಡಬೇಕಾದದ್ದನ್ನು ಕೊಟ್ಟು ಮುಗಿಸಿದ ಮೇಲೂ ಕೊಡಬೇಕು ಅನ್ನಿಸುವುದು ಉಡುಗೊರೆ ಎಂದು ನಾನು ತಿಳಿದದ್ದು ಅವರಿಬ್ಬರನ್ನು ನೋಡಿ.

ಅಕ್ಕನ ಮೊಣಕಾಲು ಕೆಟ್ಟು ಕೆಲವು ವರ್ಷಗಳಾದವು. ದಿನಕ್ಕೆ ಎರಡು ಹೊತ್ತು ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕೊಣಮಿಗೆಯಲ್ಲಿ ಹಿಟ್ಟು ನಾದಿ, ರೊಟ್ಟಿ ಬಡಿಯಬೇಕು. ಎದ್ದೇಳುವಾಗ ಗೋಡೆ ಹಿಡಿಯುತ್ತಾಳೆ. ನಿಂತು ರೊಟ್ಟಿ ಮಾಡು ಎಂದು ಡಾಕ್ಟರು ಹೇಳಿದ್ದರು. ಜೋಳದ ರೊಟ್ಟಿಯನ್ನು ಚಪಾತಿಯ ಹಾಗೆ ಅಡುಗೆಕಟ್ಟೆಯ ಮೇಲೆ ಲಟ್ಟಿಸಿ ಮುಗಿಸಲಾಗದು. ಅದಕ್ಕೆ ಅಂಗೈಯ ಪೂರ್ತಿ ಪೆಟ್ಟು ಬೇಕು, ಕಲ್ಲು ಅಲುಗಾಡಬಾರದು, ಕೈ ಹೆಚ್ಚು ಮೇಲೇಳಬಾರದು. ಅಂಗಡಿಯಲ್ಲಿ ಸಿಗುವ ಮೇಜು ಯಾವುದೂ ಅವಳ ಎತ್ತರಕ್ಕೆ ಹೊಂದುವುದಿಲ್ಲ, ಅವಳು ಗಿಡ್ಡ.

ಕೌದಿ ಬಂದ ಮರುವಾರವೇ ತಮ್ಮ ಈ ಮಾತು ತೆಗೆದ. ನಿಂತುಕೊಂಡು, ಮೊಣಕೈ ಮಡಿಚಿ, ಮೊಣಕೈಯಿಂದ ನೆಲದವರೆಗೆ ಎಷ್ಟು ಅಳತೆ ಎಂದು ಅಕ್ಕನನ್ನು ಕೇಳಿದ. ಅವಳ ಮನೆಯಲ್ಲಿ ಟೇಪು ಇರಲಿಲ್ಲ. ಕೌದಿ ಹೊಲಿದ ದಾರವನ್ನೇ ಅಷ್ಟುದ್ದ ಕತ್ತರಿಸಿ, ಸುತ್ತಿ, ಜೋಳದ ಚೀಲದ ಜೊತೆ ಕಳಿಸಿದಳು. ಆ ದಾರ ಅವನ ಶೆಡ್ಡಿನ ಗೋಡೆಯ ಮೊಳೆಗೆ ಕೆಲವು ದಿನ ತೂಗುತ್ತಿತ್ತು. ಮಾಲೀಕರು ಸಂಜೆಯ ಮೇಲೆ ಯಂತ್ರ ಬಳಸಲು ಒಪ್ಪಿದರು. ಗೇಟು, ಗ್ರಿಲ್ಲಿನ ಕೆಲಸದಲ್ಲಿ ಉಳಿದ ಚೌಕ ಪೈಪು, ಆ್ಯಂಗಲ್ಲು ಕೊಂಡು, ಅಕ್ಕ ನಿಂತು ರೊಟ್ಟಿ ಬಡಿಯಲು ಒಂದು ರೊಟ್ಟಿಕಟ್ಟಿ ಮಾಡುವ ಕೆಲಸ ಹಿಡಿದ.

ಮೊದಲು ಮಾಡಿದ್ದು ಅವನಿಗೇ ಹಿಡಿಸಲಿಲ್ಲ. ಬಡಿದರೆ ಕಾಲು ಸಣ್ಣಗೆ ನಡುಗುತ್ತಿತ್ತು. ಅಡ್ಡಪಟ್ಟಿ ಸೇರಿಸಿದ, ಕಾಲುಗಳನ್ನು ತುಸು ಹೊರಗೆ ಚಾಚಿಸಿದ. ಎಡಗಡೆ ಒಲೆಗೆ ಜಾಗ, ಅದು ಎರಡು ಗೇಣು ಕೆಳಗೆ, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವಾಗ ಕೈಗೆ ಬಿಸಿ ತಾಗಬಾರದು. ಬಲಗಡೆ ಕಲ್ಲು ಕೂಡಿಸುವ ಚೌಕಟ್ಟು. ಕೆಳಗೆ ಹಿಟ್ಟಿನ ಡಬ್ಬಿಗೆ ಒಂದು ಹಲಗೆ. ಬಸ್ಸಿನ ಡಿಕ್ಕಿಯಲ್ಲಿ ಹೋಗಬೇಕಾದ್ದರಿಂದ ಕಾಲು ಮಡಚುವಂತೆ ಬೋಲ್ಟು. ಎಲ್ಲ ಅಂಚನ್ನೂ ಗ್ರೈಂಡರ್ ಹಚ್ಚಿ ನುಣುಪು ಮಾಡಿದ. ಸೀರೆ ಸಿಕ್ಕಬಾರದು, ಬಳೆ ತಾಗಿ ಒಡೆಯಬಾರದು. ಸಮುದ್ರದ ಗಾಳಿಯಲ್ಲಿ ಹಸಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಕಾಣುವ ಮೊದಲೇ ಕೆಂಪು ಪ್ರೈಮರು, ಅದರ ಮೇಲೆ ಎರಡು ಕೈ ಹಸಿರು ಬಣ್ಣ. ನಾನು ನೋಡಲು ಹೋದ ದಿನ ಅವನು ಆ ದಾರವನ್ನು ಕಲ್ಲಿನ ಚೌಕಟ್ಟಿನಿಂದ ನೆಲಕ್ಕೆ ಇಳಿಬಿಟ್ಟು ಅಳೆಯುತ್ತಿದ್ದ. ಕಲ್ಲಿನ ದಪ್ಪ ಕಳೆದು, ಮೊಣಕೈಗಿಂತ ಒಂದು ಗೇಣು ಕೆಳಗೆ ಬರಬೇಕಿತ್ತು. ಬಂದಿತ್ತು.

ಗಂಡಸರ ಕೈಯ ಉಡುಗೊರೆಯ ಬಗ್ಗೆ ನಾವು ಬರೆಯುವುದು ಕಡಿಮೆ. ಅಣ್ಣ ಸೀರೆ ತರುತ್ತಾನೆ, ದುಡ್ಡು ಕೊಡುತ್ತಾನೆ ಎಂದಷ್ಟೇ ಹಾಡುಗಳಲ್ಲೂ ಬರುತ್ತದೆ. ಝುವಾರಿನಗರದಂಥ ದುಡಿಯುವವರ ಊರಿನಲ್ಲಿ ನಾನು ಬೇರೆಯದನ್ನೂ ನೋಡಿದ್ದೇನೆ. ಗೌಂಡಿ ಕೆಲಸದವನು ತಂಗಿಯ ಮನೆಗೆ ಒಂದು ಭಾನುವಾರ ಹೋಗಿ ಬಚ್ಚಲು ಕಟ್ಟಿಕೊಟ್ಟು ಬರುತ್ತಾನೆ. ಬಡಗಿಯೊಬ್ಬ ಅಕ್ಕನ ಮೊಮ್ಮಗುವಿಗೆ ತೊಟ್ಟಿಲು ಮಾಡುತ್ತಾನೆ. ಬಣ್ಣ ಬಳಿಯುವವನು ದೀಪಾವಳಿಗೆ ಅಕ್ಕನ ಮನೆಯ ಬಾಗಿಲಿಗೆ ಒಳ್ಳೆಯ ಬಣ್ಣ ಬಳಿದು ಹೋಗುತ್ತಾನೆ. ದಿನವಿಡೀ ಬೇರೆಯವರ ಮನೆ ಕಟ್ಟುವ ಕೈ ಅದು. ಅವರು ಕಟ್ಟಿದ್ದರಲ್ಲಿ ಅವರ ಹೆಸರಿರುವುದಿಲ್ಲ, ಅವರ ಸ್ವಂತದ ಗೂಡುಗಳಲ್ಲಿ ಎಷ್ಟೋ ಕೊಮುನಿದಾದ್ ಎಂಬ ಹಳ್ಳಿ ಸಮುದಾಯದ ಜಮೀನಿನ ಮೇಲಿದ್ದು, ನಾಳೆ ಇರುತ್ತವೋ ಇಲ್ಲವೋ ಎಂಬ ಆತಂಕ ಬಿಟ್ಟಿಲ್ಲ. 2004ರಲ್ಲಿ ವಾಸ್ಕೋದ ಬೈನಾ ಕಡಲತೀರದ ಮನೆಗಳು ಬುಲ್ಡೋಜರಿಗೆ ಬಿದ್ದದ್ದನ್ನು ಇಲ್ಲಿನ ಕನ್ನಡದವರು ಮರೆತಿಲ್ಲ. ಅಂಥ ಕೈ ಒಡಹುಟ್ಟಿದವಳಿಗಾಗಿ ಏನಾದರೂ ಮಾಡಿದಾಗ ಅಲ್ಲಿ ಕೂಲಿಯಿಲ್ಲ, ಮೇಸ್ತ್ರಿಯಿಲ್ಲ, ಅಳತೆ ಒಬ್ಬಳದೇ.

ರೊಟ್ಟಿಕಟ್ಟಿಯನ್ನು ಒಯ್ದವರು ತಮ್ಮ ಮತ್ತು ಅವನ ಹಿರಿಮಗ. ವಾಸ್ಕೋದಿಂದ ಬಸ್ಸು, ಫೋಂಡಾ, ಮೊಲೆಂ, ಅನಮೋಡ ಘಾಟು. ಅಪ್ಪ ಬಂದದ್ದು ಇದೇ ಘಟ್ಟದ ಇನ್ನೊಂದು ದಾರಿಯಲ್ಲಿ, ಲೋಂಡಾ, ಕ್ಯಾಸಲ್‌ರಾಕ್, ದೂಧಸಾಗರದ ರೈಲಿನಲ್ಲಿ. ಬೋಲ್ಟು ಬಿಗಿದು, ಕಲ್ಲು ಕೂಡಿಸಿ, ಅಕ್ಕನನ್ನು ನಿಲ್ಲಿಸಿದಾಗ ಅವಳು ನಾಚಿಕೊಂಡಳಂತೆ. ನಿಂತು ರೊಟ್ಟಿ ಮಾಡುವುದು ಹೋಟೆಲಿನವರ ಕೆಲಸ ಎಂದಳಂತೆ. ಮೊದಲ ರೊಟ್ಟಿ ಹರಿಯಿತು. ಎರಡನೆಯದು ದುಂಡಗೆ ಬಂತು. ಕಣ್ಣು ಕಾಣದ ಅತ್ತೆ ಕಂಬಿಯನ್ನು ಮುಟ್ಟಿ ಮುಟ್ಟಿ ನೋಡಿ, ಇದರ ಕಾಲು ಎಷ್ಟು ನುಣುಪು ಎಂದರು.

ಈಗ ಅವಳ ಓಣಿಯ ಮೂವರು ಹೆಂಗಸರು ಅಂಥದೇ ಬೇಕು ಎಂದು ತಮ್ಮನಿಗೆ ಹೇಳಿ ಕಳಿಸಿದ್ದಾರೆ, ದುಡ್ಡು ಕೊಡುತ್ತಾರಂತೆ. ಅವನು ಅವರ ಊರಿನ ಸಮೀಪದ ವೆಲ್ಡರ್ ಒಬ್ಬನಿಗೆ ಅಳತೆ, ನಕ್ಷೆ ಎಲ್ಲ ಬರೆದುಕೊಟ್ಟ. ಆದರೆ ಒಬ್ಬೊಬ್ಬರ ಮೊಣಕೈಯನ್ನೂ ಬೇರೆ ಬೇರೆ ಅಳೆಯಬೇಕು ಎಂದು ಒತ್ತಿ ಹೇಳಿದ್ದಾನೆ.

ಕೌದಿ ಈ ಮಳೆಗಾಲಕ್ಕೆ ಒಂದು ಅಂಚಿನಲ್ಲಿ ದಾರ ಬಿಟ್ಟಿದೆ. ತಮ್ಮನ ಮಗಳು ಅದನ್ನು ತಾನೇ ಹೊಲಿಯುತ್ತೇನೆ ಎಂದು ಸೂಜಿ ಹಿಡಿದಿದ್ದಾಳೆ, ಅಕ್ಕ ವಿಡಿಯೊ ಕರೆಯಲ್ಲಿ ಹೇಳಿಕೊಡುತ್ತಿದ್ದಾಳೆ. ಹುಡುಗಿಗೆ ಟಾಕು ದೂರದೂರ ಬೀಳುತ್ತಿವೆ. ‘ಇನ್ನೂ ಸನೇಕ ಹಾಕವ್ವಾ, ಅಂವ ಮಕ್ಕೊಂಡಾಗ ಭಾಳ ಹೊಳ್ಯಾಡ್ತಾನ, ಸಣ್ಣಾಂವಿದ್ದಾಗಿಂದನೂ ಹಂಗs’ ಎನ್ನುತ್ತಾಳೆ ಅಕ್ಕ. ಮುಂದಿನ ಬೇಸಿಗೆಗೆ ಇನ್ನೊಂದು ಕೌದಿ ಹೊಲಿಯಬೇಕಂತೆ, ಈ ಸಲ ನನಗೆ. ಹಳೆ ಬಟ್ಟೆ ಕೂಡಿಸಿಡಲು ಹೇಳಿದ್ದಾಳೆ, ನೂಲಿನದೇ ಬೇಕು, ಪಾಲಿಯೆಸ್ಟರ್ ಆದರೆ ಸೂಜಿಯೂ ಇಳಿಯುವುದಿಲ್ಲ, ಬೆವರೂ ಹೀರುವುದಿಲ್ಲ.